ಪಂಚಾಂಗ ನೋಡಿ ಸಮುದ್ರ ಸ್ನಾನ

ನಾವು ಜಯನಗರದಲ್ಲಿ ಮನೆ ಕಟ್ಟಿಕೊಂಡ ಹೊಸದರಲ್ಲಿ, ಊರಿಂದ ಬಂದ ನೆಂಟರನ್ನು ಅಪ್ಪ ಪುಟ್ಟೇನಹಳ್ಳಿ ಕೆರೆಯವರೆಗೆ ನಡೆಸಿಕೊಂಡು ಹೋಗಿ, ಅಷ್ಟೇ ದೂರ ವಾಪಸು ನಡೆಸಿಕೊಂಡು ಬಂದು, ಅದನ್ನು ವಿಹಾರ ಎನ್ನುತ್ತಿದ್ದರು. ಅಂಥವರ ಕೈಗೆ ಒಂದು ಬೇಸಿಗೆಯಲ್ಲಿ ಸಮುದ್ರವೇ ಸಿಕ್ಕಿತು. ಅರಣ್ಯ ಇಲಾಖೆಯಲ್ಲಿದ್ದ ಚಿಕ್ಕಪ್ಪನಿಗೆ ಕಾರವಾರದ ಕಡೆ, ದೋಣಿ ದಾಟಿಯೇ ಸೇರಬೇಕಾದ ಒಂದು ಕಾಡು ದಡಕ್ಕೆ ವರ್ಗವಾಗಿತ್ತು. ಎಂಟು ದಿನ ಇದ್ದು ಹೋಗಿ ಎಂದು ಕಾಗದ ಬರೆದಿದ್ದ.

ಕಾಗದ ಓದಿಸಿಕೊಂಡ ಅಜ್ಜಿ, ಅಂದರೆ ಅಪ್ಪನ ತಾಯಿ, ಹಿಗ್ಗಿಹೋದಳು. ಎಪ್ಪತ್ತು ವರ್ಷಕ್ಕೆ ಅವಳು ಸಮುದ್ರವನ್ನೇ ಕಂಡಿರಲಿಲ್ಲ. ಅದರೊಳಗೆ ಇಳಿದು ಒಂದು ಸಲ ಮುಳುಗಬೇಕು, ಅಷ್ಟೇ ಅವಳ ಆಸೆ.

ಅಪ್ಪ ಕಚೇರಿಯ ಹೆಡ್ ಗುಮಾಸ್ತರು. ಯಾರಿಗೂ ಬೆವರು ಬಾರದಂಥ ಸಲೀಸಾದ ಕಾರ್ಯಕ್ರಮಗಳನ್ನು ದಿನವಾರು ಬರೆದು ತಂದಿದ್ದರು. ಬೆಳಿಗ್ಗೆ ಮರಳಿನ ಮೇಲೆ ವಾಕಿಂಗು, ಬೂಟು ಕಾಲುಚೀಲ ಸಮೇತ. ಆಮೇಲೆ ಬೆಸ್ತರು ಬಲೆ ಎಳೆಯುವುದನ್ನು ಮೂಗು ಮುಚ್ಚಿಕೊಂಡು ನೋಡುವುದು. ಸಂಜೆ ಗುಡ್ಡದ ಮೇಲೆ ಸೂರ್ಯಾಸ್ತ. ಸೂರ್ಯ ಐದು ನಿಮಿಷ ತಡ ಮಾಡಿದನೆಂದು ಅಪ್ಪ ವಾಚನ್ನು ಕಿವಿಗೆ ಹಿಡಿದು ನೋಡಿದರು. ಸಮುದ್ರ ಸ್ನಾನ ಮಾತ್ರ ಆರನೇ ದಿನಕ್ಕೆ. ಪರ್ವದಿನ ಬಿಟ್ಟು ಸಮುದ್ರ ಮುಟ್ಟಬಾರದೆಂದು ಶಾಸ್ತ್ರವಂತೆ. ಪಂಚಾಂಗದ ಪ್ರಕಾರ ಆ ವಾರ ಪರ್ವವೆಂದರೆ ಅಮಾವಾಸ್ಯೆ ಒಂದೇ.

ಐದು ದಿನವೂ ಸಮುದ್ರ ಕೆರೆಯ ಹಾಗೆ ತಣ್ಣಗಿತ್ತು. ಮಕ್ಕಳಿಗೆ ಶಾಸ್ತ್ರವಿಲ್ಲವೆಂದು ನಾನು ಸೊಂಟದ ತನಕ ಇಳಿದು ಕುಣಿದೆ. ಅಜ್ಜಿ ಒಣ ಮರಳಿನಲ್ಲಿ ಸೆರಗು ಬಿಗಿದು ನಿಂತು ನನ್ನನ್ನೇ ನೋಡುತ್ತಿದ್ದಳು.

"ಕಾಲಾದ್ರೂ ನೆನೆಸ್ಕೋತೀನಿ ಕಣೋ," ಎಂದಳು ನಾಲ್ಕನೇ ದಿನ.

"ಇನ್ನೆರಡು ದಿನ ತಡ್ಕೊಳಮ್ಮ. ಮಾಡೋದನ್ನ ಸರಿಯಾಗಿ ಮಾಡೋಣ," ಎಂದರು ಅಪ್ಪ.

ಅಮಾವಾಸ್ಯೆಯ ಬೆಳಿಗ್ಗೆ ಹೋದರೆ, ನಾವು ದಿನಾ ನಡೆದಾಡುತ್ತಿದ್ದ ಮರಳೇ ಕಾಣಲಿಲ್ಲ. ಅಲೆಗಳು ಗಾಳಿಮರದ ಬುಡಕ್ಕೆ ಬಂದು ಬಡಿಯುತ್ತಿದ್ದವು. ಮೀನು ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು ಹೇಳಿದಳು: "ಇವತ್ತು ಇಳಿಯೂದು ಬೇಡ. ಅಮಾಸೆ ನೀರು ಎಳೀತದೆ. ನಿನ್ನೆ ಮೊನ್ನೆ ಎಲ್ಲ ಏನ್ ಮಾಡ್ತಿದ್ರಿ?"

ಅಪ್ಪ ಪಂಚೆ ಎತ್ತಿ ಕಟ್ಟಿ, ಚಿಕ್ಕಪ್ಪನ ಕೈ ಹಿಡಿದುಕೊಂಡು, ನೊರೆಯ ಅಂಚಿನಲ್ಲಿ ಒಂದು ಚೊಂಬು ನೀರು ಮೊಗೆದರು. ಅದರಲ್ಲಿ ಅರ್ಧ ಮರಳು. ಮರದಡಿ ಕೂರಿಸಿದ್ದ ಅಜ್ಜಿಯ ತಲೆಯ ಮೇಲೆ ಸಂಕಲ್ಪ ಹೇಳಿ ಸುರಿದರು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಅವಳು ಮತ್ತೆ ಸಮುದ್ರದ ಕಡೆ ಹೋಗಲೇ ಇಲ್ಲ, ಯಾರೂ ಕರೆದುಕೊಂಡು ಹೋಗಲೂ ಇಲ್ಲ. ನೆನೆದರೆ ಅಪ್ಪನ ಮೇಲೆ ಈಗಲೂ ಸಿಟ್ಟು ಬರುತ್ತದೆ. ಅವಳ ಕಣ್ಣೆದುರು ಐದು ದಿನ ಕುಣಿದ ನನ್ನ ಮೇಲೆ ಇನ್ನೂ ಹೆಚ್ಚು.

ಜಯನಗರಕ್ಕೆ ಮರಳಿದ ಸಂಜೆ ಎದುರು ಮನೆಯಾಕೆ ಬಂದು ಸಮುದ್ರ ಸ್ನಾನ ಆಯಿತೇ ಎಂದು ಕೇಳಿದರು.

"ಶಾಸ್ತ್ರೋಕ್ತವಾಗಿ ಆಯ್ತು," ಎಂದರು ಅಪ್ಪ.

ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಚೊಂಬಿಗೆ ಆಯ್ತು ಕಣಮ್ಮ. ನಾನು ದಡದಲ್ಲೇ ಇದ್ದೆ."