ಒಳಗಿನಿಂದ ಬೆವರುವ ಕಾರು

ಹೊಸಪೇಟೆಯಲ್ಲಿ ನಾನು ಗುಮಾಸ್ತನಾಗಿದ್ದ ಕಚೇರಿಯ ಹಿಂದೆ, ಹುಣಸೆಯ ಮರದ ಕೆಳಗೆ, ಒಂದು ಹಳೆಯ ಕಾರು ನಿಂತಿರುತ್ತಿತ್ತು. ನಮ್ಮ ಯಜಮಾನರು ಸಂಡೂರಿನ ಗಣಿಗಳಿಗೆ ಸಾಮಾನು ಒದಗಿಸುವ ಗುತ್ತಿಗೆದಾರರು. ಹೊಸ ಕಾರು ಬಂದ ಮೇಲೆ ಅವರು ಇದರ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಅದಕ್ಕೆ ಎರಡು ರೋಗಗಳಿದ್ದವು. ಮುಂಜಾನೆಯ ಹೊತ್ತು ಅದರ ಗಾಜುಗಳೆಲ್ಲ ಒಳಗಿನಿಂದ ಬೆವರಿ ಹನಿಗಳು ಇಳಿಯುತ್ತಿದ್ದವು. ಹಿಂಬದಿಯ ಡಿಕ್ಕಿಯ ಚಿಲಕವು ಮಳೆಗಾಲದಲ್ಲಿ ಒಮ್ಮೆ ಕಚ್ಚಿಕೊಂಡದ್ದು ಮತ್ತೆ ಬಿಟ್ಟಿರಲಿಲ್ಲ.

ಆ ಚಳಿಗಾಲದಲ್ಲಿ ನನ್ನ ಹೆಂಡತಿ ಚೊಚ್ಚಲ ಹೆರಿಗೆಯ ನಿಮಿತ್ತ ಕಂಪ್ಲಿಯ ತವರುಮನೆಯಲ್ಲಿದ್ದಳು. ಮಗಳು ಹುಟ್ಟಿ ನಾಲ್ಕು ತಿಂಗಳು ಕಳೆದಿದ್ದವು. ಪುಷ್ಯಮಾಸ ಹತ್ತಿರವಾಗುತ್ತಿತ್ತು. ಅದು ಶೂನ್ಯಮಾಸವಾದ್ದರಿಂದ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಂತಿರಲಿಲ್ಲ. ಅಮಾವಾಸ್ಯೆಯ ಒಳಗೆ ಕರೆತರದಿದ್ದರೆ ಆಮೇಲೆ ಯಾವಾಗ ಎಂಬುದು ಅತ್ತೆಯವರ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. ಯುದ್ಧದ ಕಾಲ, ಪೆಟ್ರೋಲಿನ ಅಭಾವದಿಂದ ಬಸ್ಸುಗಳು ಇದ್ದಿಲನ್ನು ಸುಟ್ಟುಕೊಂಡು ಓಡುತ್ತಿದ್ದವು. ಆ ಹೊಗೆಗೆ ಅತ್ತೆಯವರು ಒಪ್ಪಲಿಲ್ಲ. ಎತ್ತಿನ ಬಂಡಿಯ ಕುಲುಕಾಟಕ್ಕೂ ಒಪ್ಪಲಿಲ್ಲ. ಕೊನೆಗೆ ಯಜಮಾನರ ಮುಂದೆ ನಿಂತು ಹಳೆಯ ಕಾರನ್ನು ಕೇಳಿದೆ.

“ತಗಂಡು ಹೋಗ್ರಿ. ಪೆಟ್ರೋಲೂ ಕೊಡ್ತೀನಿ,” ಎಂದರು ಅವರು. “ಆದ್ರ ರಿಪೇರಿ ನಿಮ್ಮದು. ಡಿಕ್ಕಿ ತಗದ್ರ ಒಳಗ ಏನೈತಿ ಅಂತ ನನಗೂ ಹೇಳ್ರಿ, ನನಗ ಮರ್ತು ಹೋಗೇತಿ.”

ನನ್ನ ಅಳುಕು ಕಾರಿಗಷ್ಟೇ ಸಂಬಂಧಿಸಿದ್ದಾಗಿರಲಿಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ. ತಂದೆಯವರು ಚೋರನೂರಿನ ಹತ್ತಿರ ಮಳೆಯನ್ನು ನಂಬಿದ ಹೊಲದಲ್ಲಿ ಜೋಳ ಬೆಳೆಯುತ್ತಿದ್ದರು. ನನ್ನದು ಹೊಸಪೇಟೆಯಲ್ಲಿ ಎರಡು ಕೋಣೆಗಳ ಬಾಡಿಗೆಯ ಮನೆ. ಭತ್ತ, ಕಬ್ಬು, ಬಾಳೆಗಳಿಂದ ತುಂಬಿದ ಕಂಪ್ಲಿಯ ಮನೆಯನ್ನು ಬಿಟ್ಟು ಹೆಂಡತಿ ಮನಸ್ಸಿಟ್ಟು ಬರುತ್ತಾಳೆಯೇ ಎಂಬುದನ್ನು ಕೇಳಲು ನನಗೆ ಆ ತಿಂಗಳುಗಳಲ್ಲಿ ಏಕಾಂತವೇ ದೊರೆತಿರಲಿಲ್ಲ. ಹೋದಾಗಲೆಲ್ಲ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಲೆಗೆ ಬಿಗಿದ ಬಟ್ಟೆ, ಮಡಿಲಲ್ಲಿ ಮಗು, ಅಗ್ಗಿಷ್ಟಿಕೆಯ ಮಂದ ಬೆಳಕು. ಒಂದೆರಡು ಮಾತಾಗುವಷ್ಟರಲ್ಲಿ ಯಾರಾದರೂ ಒಳಗೆ ಬರುತ್ತಿದ್ದರು.

ಮೊದಲ ಭಾನುವಾರ ಕಾರನ್ನು ಹಾಗೆಯೇ ಕಂಪ್ಲಿಗೆ ಓಡಿಸಿಕೊಂಡು ಹೋದೆ. ಅತ್ತೆಯವರು ಬಾಗಿಲು ತೆರೆದು, ಹಿಂದಿನ ಆಸನದ ಮೇಲೆ ಅಂಗೈಯೂರಿ, ಆ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

“ಅಳಿಯಂದ್ರ, ಇದು ಗಾಡಿ ಅಲ್ಲರಿ, ಬಾವಿ. ಇದರಾಗ ಬಾಣಂತೀನ ಕೂಡಸ್ತೀರಾ?”

“ಸ್ವಲ್ಪ ತ್ಯಾವ ಅಷ್ಟ, ಅತ್ತಿ. ಒಣಗತೈತಿ.”

“ಚೋರನೂರಾಗ ಮಳಿ ಬಂದ್ರ ಮಂದಿ ಹೊರಗ ಬಂದು ನೋಡ್ತಾರಂತ. ತ್ಯಾವ ಅಂದ್ರೇನು ನಿಮಗ ಹೆಂಗ ಗೊತ್ತಾಗಬೇಕು ಬಿಡ್ರಿ.”

ಒಳಗೆ ಪಾತ್ರೆಯ ಸದ್ದಿನೊಂದಿಗೆ ನಗೆಯೊಂದು ಕೇಳಿಸಿತು. ಅದು ನನ್ನ ಹೆಂಡತಿಯದು.

ಹಿಂದಿನ ಆಸನದ ಒರಗನ್ನು ಅಂಗಳದಲ್ಲಿಯೇ ಕಳಚಿದೆ. ಅಲ್ಲಿಂದ ತೋಳನ್ನು ಒಳಗೆ ತೂರಿಸಿ, ತಿರುಪುಳಿಯಿಂದ ಚಿಲಕದ ನಾಲಿಗೆಯನ್ನು ಮೀಟಿದೆ. ಬಹಳ ಹೊತ್ತು ಹಟ ಹಿಡಿದು, ಕಡೆಗೆ ಡಿಕ್ಕಿಯ ಮುಚ್ಚಳವು ಕಿರುಗುಟ್ಟಿ ಮೇಲೆದ್ದಿತು. ಎರಡು ರೋಗಗಳೂ ಒಂದೇ ಎಂಬುದು ಆಗ ತಿಳಿಯಿತು. ಮುಚ್ಚಳದ ಸುತ್ತಲಿನ ರಬ್ಬರಿನ ಪಟ್ಟಿ ಬಿರುಕು ಬಿಟ್ಟು, ಮಳೆಯ ನೀರು ಒಳಗಿಳಿದಿತ್ತು. ಅದಿರಿನ ಕಲ್ಲುಗಳನ್ನು ಕಟ್ಟಿ ತಂದಿದ್ದ ಗೋಣಿಚೀಲವೊಂದು ಅದನ್ನೆಲ್ಲ ಕುಡಿದು, ಕೆಂಪಗೆ ಕೊಳೆತು ಬಿದ್ದಿತ್ತು. ಅದರ ತೇವವೇ ಪ್ರತಿರಾತ್ರಿ ಎದ್ದು ಗಾಜಿಗೆ ಹತ್ತುತ್ತಿತ್ತು. ಅದರ ಕೆಂಪು ಧೂಳೇ ತುಕ್ಕಿನೊಡನೆ ಬೆರೆತು ಚಿಲಕವನ್ನು ಹಿಡಿದಿತ್ತು.

ಚಿಲಕವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಬಾಣಂತಿಗೆಂದು ತೆಗೆದಿರಿಸಿದ್ದ ಔಡಲೆಣ್ಣೆಯನ್ನೇ ಹಚ್ಚಿದೆ. ಹೊಸ ರಬ್ಬರು ಆಗ ಎಲ್ಲಿಯೂ ಸಿಗುತ್ತಿರಲಿಲ್ಲ. ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಲೂ ಅಂಟಿಸಿದೆ. ಅಷ್ಟರಲ್ಲಿ ಅತ್ತೆಯವರು ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಬಂದು, ಬಾಗಿಲುಗಳನ್ನೆಲ್ಲ ತೆರೆಸಿ, ಕಾರಿನ ನಡುವೆ ಇರಿಸಿದರು. ಬಟ್ಟೆ ಸುಟ್ಟೀತೆಂದು ನಾನು ಕೈಯಡ್ಡ ಹಿಡಿದು ನಿಂತೆ. ಅವರು ಲೆಕ್ಕಿಸದೆ, ಮಗುವಿನ ನೆತ್ತಿಗೆ ಹಾಕುವಂತೆ, ಕೆಂಡಕ್ಕೆ ಸಾಂಬ್ರಾಣಿಯನ್ನೂ ಉದುರಿಸಿದರು.

ಹೊರಡಲು ಗೊತ್ತುಮಾಡಿದ ಮುಂಜಾನೆ ಹೊಳೆಯ ಕಡೆಯಿಂದ ಮಂಜು ಕವಿದಿತ್ತು. ಕಾರಿನ ಗಾಜುಗಳು ಒಳಗಡೆ ಒಣಗಿದ್ದವು. ಡಿಕ್ಕಿ ಒಂದೇ ಒತ್ತಿಗೆ ತೆರೆಯಿತು. ತೊಟ್ಟಿಲು, ಕೌದಿಗಳು, ಅಂಟಿನುಂಡೆಯ ಡಬ್ಬಿ, ಎಲ್ಲವನ್ನೂ ತುಂಬಿಸಿದೆ. ಆದರೆ ಅತ್ತೆಯವರಿಗೆ ಅಷ್ಟು ಸಾಲದು.

“ಬರ್ರಿ, ಕುಂದ್ರಿ. ಬಾಗಲಾ ಹಾಕ್ಕಂಡು ನೋಡೂಣು.”

ಕಿಟಕಿಗಳನ್ನೆಲ್ಲ ಏರಿಸಿ ನಾವಿಬ್ಬರೂ ಒಳಗೆ ಸುಮ್ಮನೆ ಕುಳಿತೆವು. ಸ್ವಲ್ಪ ಹೊತ್ತಿನಲ್ಲಿ ನನ್ನ ಕಣ್ಣೆದುರಿಗೇ ಗಾಜು ಮಸುಕಾಗತೊಡಗಿತು.

“ನೋಡ್ರಿ. ಮತ್ತ ಬೆವರ್ತು.”

“ಅತ್ತಿ, ಇದು ಕಾರಿಂದಲ್ಲ, ನಮ್ಮ ಉಸಿರಿಂದು. ಬೆಚ್ಚನ ಉಸಿರು ತಣ್ಣನ ಗಾಜಿಗೆ ಹತ್ತಿ ನೀರಾಗತೈತಿ.”

“ಹಂಗಾರ ಉಸಿರು ಬಿಗಿಹಿಡಿದು ಹೊಸಪ್ಯಾಟಿ ಮುಟ್ಟಬೇಕೇನ್ರಿ?”

“ಕಿಟಕಿ ನಾಕು ಬೆರಳು ಇಳಿಸಿದ್ರ ಸಾಕು.”

“ತ್ಯಾವ ಬ್ಯಾಡಂದ್ರ ಗಾಳಿ ಹಚ್ಚತೀರಾ ಬಾಣಂತಿಗೆ? ಭಾಳ ಓದೀರಿ ಬಿಡ್ರಿ ನೀವು! ಇಳಿಸ್ರಿ ತೊಟ್ಲಾ. ಸಂಕ್ರಾಂತಿ ಆದಮ್ಯಾಲ ನೋಡೂಣು.”

ನಾನು ಇಳಿದು ಡಿಕ್ಕಿಯ ಬಳಿಗೆ ಹೋದೆ. ಕಲಿತ ವಿದ್ಯೆಯಲ್ಲಿ ಗಾಳಿಯಾಡದೆ ಮಂಜು ಬಿಡಿಸುವ ಉಪಾಯವೊಂದೂ ನೆನಪಾಗಲಿಲ್ಲ. ಚಿಲಕದ ಮೇಲೆ ಕೈಯಿಟ್ಟಾಗ, ಅದು ಹಿಂದಿನಂತೆ ಕಚ್ಚಿಕೊಂಡು ತೆರೆಯದೆ ಇರಲಿ ಎಂದು ಮನಸ್ಸು ಬೇಡಿತು.

ಆಗ ಹೊಸ್ತಿಲಲ್ಲಿ ನನ್ನ ಹೆಂಡತಿ ಕಾಣಿಸಿದಳು. ಮಗುವನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡಿದ್ದಳು.

“ಅವ್ವಾ, ಕಿಟಕಿ ಕಡೀಗಿ ನೀನ ಕುಂದ್ರು. ಕಂಬಳಿ ಹೊದ್ಕಂಡು ಕುಂತ್ರ ಗಾಳಿ ನಿನ್ನ ದಾಟಿ ನನ್ನತನಕ ಎಲ್ಲಿ ಬರ್ತೈತಿ?”

“ನಾನೂ ಬರಬೇಕಾ ಹಂಗಾರ?”

“ಬಾ, ಬ್ಯಾಡ ಅಂದವ್ರ್ಯಾರು? ನಾ ಅಂತೂ ಹೊಂಟೀನಿ. ಗಂಟು ಕಟ್ಟಿ ಮೂರು ದಿನ ಆತು.”

ನಾನು ಕೇಳಲಾರದೆ ಉಳಿದಿದ್ದ ಪ್ರಶ್ನೆಗೆ ಉತ್ತರವು ಹೀಗೆ, ಮತ್ತೊಬ್ಬರಿಗೆ ಹೇಳಿದ ಮಾತಿನಲ್ಲಿ ದೊರೆಯಿತು. ಡಿಕ್ಕಿಯ ಮೇಲಿಂದ ಕೈಯನ್ನು ತೆಗೆದೆ.

ಹೊಸಪೇಟೆಯ ವರೆಗೂ ಅತ್ತೆಯವರು ಕಂಬಳಿಯೊಳಗೆ ಗೋಡೆಯಂತೆ ಕುಳಿತು ಗಾಳಿಯನ್ನು ತಡೆದರು, ನನ್ನನ್ನು ಬೈಯುವುದನ್ನೂ ನಿಲ್ಲಿಸಲಿಲ್ಲ. ಮುಚ್ಚಿದ್ದ ಕಿಟಕಿ ನನ್ನ ಹೆಂಡತಿಯ ಕಡೆಯದು. ಅದರ ಗಾಜು ಮಸುಕಾದಾಗ ಅವಳು ಬೆರಳಿನಿಂದ ಒಂದು ದುಂಡನೆಯ ಕಿಂಡಿಯನ್ನು ಒರೆಸಿಕೊಂಡು ಹೊರಗೆ ನೋಡುತ್ತಿದ್ದಳು. ಕಮಲಾಪುರದ ಬಾಳೆಯ ತೋಟಗಳ ಹತ್ತಿರ ಬಿಸಿಲೇರಿ ಮಂಜು ಆರಿಹೋಯಿತು. ಮಗುವಿಗೆ ಎಣ್ಣೆ ತಿಕ್ಕಿದ್ದ ಬೆರಳಾದ್ದರಿಂದ ಗಾಜಿನ ಮೇಲೆ ಒಂದು ಮಸಕು ಬಳೆಯಂಥ ಗುರುತು ಉಳಿಯಿತು. ಮರುದಿನ ಯಜಮಾನರಿಗೆ ಒಪ್ಪಿಸುವ ಮೊದಲು ಕಾರನ್ನೆಲ್ಲ ಒರೆಸಿದೆ. ಆ ಒಂದು ಗಾಜನ್ನು ಒರೆಸಲಿಲ್ಲ.

ಮರುವರ್ಷ ಎರಡನೆಯ ಹೆರಿಗೆಗೆಂದು ಅವಳನ್ನು ಅದೇ ಕಾರಿನಲ್ಲಿ ಕಂಪ್ಲಿಗೆ ಬಿಟ್ಟು ಬಂದೆ. ಆ ಸಲ ಕರೆತರಲು ಕಾರು ಬೇಕಾಗಲಿಲ್ಲ. ಹೊಳೆಯ ದಂಡೆಯಲ್ಲಿ ಅವಳನ್ನು ಬೆಂಕಿಗೆ ಒಪ್ಪಿಸಿ ನಾವು ಬರಿಗೈಯಲ್ಲಿ ಹಿಂದಿರುಗಿದೆವು.

ಯಜಮಾನರು ಆ ಕಾರನ್ನು ಮಾರುವ ತನಕ, ಚಳಿಗಾಲದ ಮುಂಜಾನೆಗಳಲ್ಲಿ ನಾನು ಕಚೇರಿಗೆ ಎಲ್ಲರಿಗಿಂತ ಮೊದಲೇ ಬರುತ್ತಿದ್ದೆ. ಅಷ್ಟು ಚೆನ್ನಾಗಿ ಒಣಗಿಸಿದ್ದ ಕಾರು ತಾನಾಗಿ ಬೆವರುತ್ತಿರಲಿಲ್ಲ. ಬಾಗಿಲುಗಳನ್ನು ಮುಚ್ಚಿ, ಕಿಟಕಿಗಳನ್ನು ಏರಿಸಿ, ಹಿಂದಿನ ಆಸನದಲ್ಲಿ ಅವಳ ಕಡೆಗೆ ಕುಳಿತುಕೊಂಡು ಉಸಿರಾಡುತ್ತಿದ್ದೆ. ಗಾಜು ನಿಧಾನವಾಗಿ ಮಸುಕಾಗುತ್ತಿತ್ತು. ಅದರ ನಡುವೆ ಆ ದುಂಡನೆಯ ಕಿಂಡಿ ಮತ್ತೆ ಮೂಡುತ್ತಿತ್ತು.