ಕತ್ತು ಬಾಗದ ಎರಡನೇ ಪಾತ್ರಧಾರಿ

ಮನೆ ಮಾಲೀಕರ ಕೆಮ್ಮು, ಮೆಟ್ರೋದಲ್ಲಿ ಬಾಗಿಲಿನಿಂದ ದೂರ ನಿಲ್ಲಿ ಎನ್ನುವ ದನಿ, ಕೋಚಿಂಗ್ ಸರ್ ಸಂವಿಧಾನದ ವಿಧಿಗಳನ್ನು ಅರ್ಧರ್ಧ ನುಂಗುವ ರೀತಿ ಎಲ್ಲ ನನಗೆ ಬರುತ್ತಿತ್ತು. ಬಾರದೇ ಇದ್ದದ್ದು ಐಎಎಸ್ ಪ್ರಿಲಿಮ್ಸ್ ಪಾಸು ಮಾಡುವುದೊಂದೇ. ದೆಹಲಿಯ ಓಲ್ಡ್ ರಾಜಿಂದರ್ ನಗರದ ನಮ್ಮ ಕೋಣೆಯಲ್ಲಿ ಒಬ್ಬ ಎದ್ದು ನಿಂತರೆ ಇನ್ನೊಬ್ಬ ಮಲಗಲೇಬೇಕು, ಅಷ್ಟೇ ಜಾಗ. ಜೊತೆಗಿದ್ದವನು ನಮ್ಮೂರ ಕಡೆಯವನೇ. ಓದಿನಲ್ಲಿ ಗಟ್ಟಿಗ, ಊಟದಲ್ಲಿ ಇನ್ನೂ ಗಟ್ಟಿಗ.

ಕನ್ನಡದವರ ಒಂದು ಕಾರ್ಯಕ್ರಮದಲ್ಲಿ ನನ್ನ ಮಿಮಿಕ್ರಿ ನೋಡಿದ ಡಾಕ್ಟರ್ ಮೇಡಂ ಒಬ್ಬರು, "ರೋಗಿ ಥರ ಮಾಡ್ತೀಯೇನಪ್ಪಾ?" ಎಂದು ಕೇಳಿದರು. ದೆಹಲಿಯ ಹೊರ ಅಂಚಿನ ಸಣ್ಣ ಆಸ್ಪತ್ರೆಗಳಲ್ಲಿ ಲ್ಯಾಬು ಮಧ್ಯಾಹ್ನಕ್ಕೇ ಬೀಗ ಹಾಕುತ್ತದೆ. ಮೆನಿಂಜೈಟಿಸ್, ಅಂದರೆ ಕತ್ತು ಸೆಟೆಸುವ ಮಿದುಳು ಪೊರೆಯ ಸೋಂಕು, ಎಂದು ಅನುಮಾನ ಬಂದವರ ಬೆನ್ನಿನ ನೀರು ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಉತ್ತರ ಬರಲು ಮೂರು ದಿನ. ಆ ಕಾಯಿಲೆಗೆ ಅಷ್ಟು ಪುರುಸೊತ್ತಿಲ್ಲ. ಅದಕ್ಕೇ, ಅದರ ಕ್ರಿಮಿಗಳಲ್ಲಿ ಅತಿ ಅವಸರದ್ದನ್ನು ಹಿಡಿಯುವ ಹೊಸದೊಂದು ಕಿಟ್ ಬಂದಿತ್ತು. ಆ ನೀರಿನ ನಾಲ್ಕು ಹನಿಯನ್ನು ಪಟ್ಟಿಯ ಮೇಲೆ ಬಿಟ್ಟರೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಈ ಶಾಸ್ತ್ರ ಗೊತ್ತು: ಒಂದು ಗೆರೆಯಾದರೆ ಬಚಾವು, ಎರಡಾದರೆ ಫಜೀತಿ. ನರ್ಸುಗಳ ತರಬೇತಿಗೆ ಕತ್ತು ಸೆಟೆದ ರೋಗಿಯೊಬ್ಬ ಬೇಕಾಗಿತ್ತು. ನಿಜವಾದ ರೋಗಿಗಳು ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲವಲ್ಲ.

ವಾರವಿಡೀ ತಾಲೀಮು ನಡೆಯಿತು. ನಿರ್ದೇಶಕ ನನ್ನ ಜೊತೆಗಾರನೇ. "ಕತ್ತು ಮರದ ಹಾಗಿರಬೇಕು ಕಣೋ. ನೀನು ನಾಚಿಕೊಂಡ ಮದುಮಗಳ ಥರ ಬಗ್ಗಿಸ್ತಿದ್ದೀಯ," ಎನ್ನುತ್ತಿದ್ದ.

ತರಬೇತಿಯ ದಿನ ಬೆಳಿಗ್ಗೆ ಅವನಿಗೆ ತಲೆನೋವು. ಮಾತ್ರೆ ನುಂಗಿ, "ಛೋಲೆ ಭಟೂರೆ ಕೊಡ್ತಾರೆ ತಾನೇ? ಚಲೋ," ಎಂದು ಹೊರಟೇಬಿಟ್ಟ.

ಅಂಥದ್ದೇ ಒಂದು ಸಣ್ಣ ಆಸ್ಪತ್ರೆಯ ಕೋಣೆಯಲ್ಲಿ ನರ್ಸುಗಳ ಮುಂದೆ ನಾನು ನರಳಿದೆ, ಬೆಳಕಿಗೆ ಕಣ್ಣು ಮುಚ್ಚಿಕೊಂಡೆ, ಕತ್ತು ಸೆಟೆಸಿದೆ. ನನ್ನ ಬೆನ್ನಿನ ನೀರಿನ ಬದಲು ಎಳನೀರನ್ನು ಮೊದಲ ಕಿಟ್ಟಿನ ಮೇಲೆ ಬಿಟ್ಟರು. ಒಂದೇ ಗೆರೆ. ಚಪ್ಪಾಳೆ. ಊಟದ ನಂತರ, ಆರೋಗ್ಯವಂತನ ಕತ್ತು ಹೇಗೆ ಬಾಗುತ್ತದೆ ಎಂದು ತೋರಿಸಲು ಮೇಡಂ ಹಿಂದಿನ ಸಾಲಿನಿಂದ ನನ್ನ ಜೊತೆಗಾರನನ್ನು ಕರೆದು ಮೇಜಿನ ಮೇಲೆ ಮಲಗಿಸಿದರು.

"ಗಲ್ಲ ಎದೆಗೆ ತಾಗಿಸಪ್ಪಾ."

ಗಲ್ಲ ಅಲ್ಲಾಡಲಿಲ್ಲ. ನರ್ಸೊಬ್ಬರು ತಲೆ ಎತ್ತಲು ನೋಡಿದಾಗ ಮೊಣಕಾಲುಗಳು ಪಾಠದಲ್ಲಿ ಹೇಳಿದ್ದ ಹಾಗೆ ತಾವಾಗಿಯೇ ಮಡಚಿಕೊಂಡವು. ಈ ಸಲ ಇನ್ನೂ ಜೋರು ಚಪ್ಪಾಳೆ. "ಯೇ ವಾಲಾ ಜ್ಯಾದಾ ನ್ಯಾಚುರಲ್ ಹೈ," ಎಂದರು ಆ ನರ್ಸು.

ನನಗಿಂತ ಅವನೇ ಸಹಜವಂತೆ! ನನಗೆ ಹೊಟ್ಟೆ ಉರಿಯಿತು. ಕಿವಿಯ ಹತ್ತಿರ ಬಗ್ಗಿ, "ಲೇ, ನನ್ನ ಪಾತ್ರ ಕದ್ದಿದ್ದಲ್ದೆ ಓವರ್ ಆ್ಯಕ್ಟಿಂಗ್ ಬೇರೆ," ಎಂದೆ.

"ಲೈಟ್ ಆರ್ಸೋ," ಎಂದ.

ಆಗ ಅವನ ಕುರ್ಚಿಯತ್ತ ನೋಡಿದೆ. ಛೋಲೆ ಭಟೂರೆಯ ಪ್ಯಾಕೆಟ್ಟು ದಾರವನ್ನೂ ಬಿಚ್ಚದೆ ಹಾಗೇ ಕೂತಿತ್ತು.

"ಮೇಡಂ, ಇವನು ನಟಿಸ್ತಿಲ್ಲ."

"ಹೇಗೆ ಹೇಳ್ತೀಯ?"

"ಭಟೂರೆ ತಿಂದಿಲ್ಲ ಮೇಡಂ."

ಮೇಡಂ ಅವನ ಹಣೆ ಮುಟ್ಟಿದವರೇ ಕೈ ಹಿಂದೆಗೆದರು. ಪರೀಕ್ಷೆಗೆ ಕಾಯದೆ ಮೊದಲು ಆಂಟಿಬಯಾಟಿಕ್ ಚುಚ್ಚಿಸಿದರು. ಆಮೇಲೆ ಬೆನ್ನಿನ ನೀರು ತೆಗೆದರು. ಇನ್ನು ಉಳಿದಿದ್ದ ಎರಡನೇ ಕಿಟ್ ತೆರೆಯಬೇಕು, ಅಷ್ಟೇ. ಅದು ಆಸ್ಪತ್ರೆಯ ಸ್ಟೋರು ನೋಡಿಕೊಳ್ಳುವವರ ಮಡಿಲಲ್ಲಿತ್ತು.

"ಮೇಡಂಜೀ, ಯೇ ಡೆಮೊ ಕಾ ಹೈ. ಪೇಷಂಟ್ ಕಾ ನಹೀ."

ಅವರು ಕೆಟ್ಟವರಲ್ಲ, ರಿಜಿಸ್ಟರಿನವರು. ಎರಡು ಕಿಟ್ಟೂ ಪಾತ್ರಧಾರಿಗಳ ಹೆಸರಿಗೆ ಬಂದಿದ್ದವು. ರೋಗಿಗೆ ಕೊಡಬೇಕಾದರೆ ಹೆಡ್ ಆಫೀಸಿನ ಚೀಟಿ ಬೇಕು, ಹೆಡ್ ಆಫೀಸು ಊಟಕ್ಕೆ ಹೋಗಿದೆ. ಮೇಜಿನ ಮೇಲೆ ನನ್ನ ಜೊತೆಗಾರ ವಾಂತಿ ಮಾಡಿಕೊಳ್ಳುತ್ತಿದ್ದ. ಮೇಡಂ ವಾದಿಸಲಿಲ್ಲ. ಪೆನ್ನು ತೆಗೆದು ರಿಜಿಸ್ಟರಿನಲ್ಲಿ ಬರೆದರು: ಪಾತ್ರಧಾರಿ ಎರಡು. ಸ್ಟೋರಿನವರ ಮುಖ ತಿಳಿಯಾಯಿತು. ತಾವೇ ಕತ್ತರಿ ಹುಡುಕಿ ಪೊಟ್ಟಣ ಕತ್ತರಿಸಿ ಕೊಟ್ಟರು.

ಕಾಲು ಗಂಟೆ ಇಡೀ ಕೋಣೆ ಒಂದು ಪಟ್ಟಿಯನ್ನು ನೋಡುತ್ತಾ ನಿಂತಿತು. ಎರಡು ಗೆರೆ.

"ಆ್ಯಕ್ಟರ್ ಪಾಸಿಟಿವ್ ಕೈಸೇ ಆಯಾ?" ಸ್ಟೋರಿನವರು ಪೆನ್ನು ಹಿಡಿದು ನಿಂತರು. ನಟನಿಗೆ ರೋಗ ಬಂದರೆ ಬರೆಯಲು ಅವರಲ್ಲಿ ಕಾಲಮ್ಮಿರಲಿಲ್ಲ.

"ಅಚ್ಛಾ ಆ್ಯಕ್ಟರ್ ಹೈ. ಲಿಖೋ," ಎಂದು ಬರೆಸಿದರು ಮೇಡಂ.

ಯಾವ ಕ್ರಿಮಿ ಎಂದು ತಿಳಿದ ಕಾರಣ ಅವನನ್ನು ಸಾಗಿಸಿದ ದೊಡ್ಡ ಆಸ್ಪತ್ರೆಯಲ್ಲಿ ಹುಡುಕಾಟ ತಪ್ಪಿತು. ಒಂದೇ ಕೋಣೆಯವನೆಂದು ನನಗೂ ಎರಡು ದಿನ ಮಾತ್ರೆ ನುಂಗಿಸಿದರು. ಅದರಿಂದ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಯಾರೂ ಮೊದಲೇ ಹೇಳಲಿಲ್ಲ. ಬಚ್ಚಲಲ್ಲಿ ನಿಂತು ನನ್ನ ವಿಲ್ ಬರೆಯುವುದೊಂದು ಬಾಕಿಯಿತ್ತು. ಜೊತೆಗಾರ ಎರಡು ದಿನ ಕಣ್ಣು ಬಿಡಲಿಲ್ಲ. ಸುಮ್ಮನೆ ಕೂರಲಾಗದೆ ಮಂಚದ ಪಕ್ಕದ ಯಂತ್ರದ ಕೀಂಕೀಂ ಸದ್ದನ್ನು ಅನುಕರಿಸಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ಇಬ್ಬರು ಸಿಸ್ಟರ್‌ಗಳು ಓಡಿ ಬಂದು ನನ್ನನ್ನು ಹೊರಗೆ ಹಾಕಿದರು. ಮೂರನೆಯ ದಿನ, ಯಾರೂ ಇಲ್ಲದ್ದು ನೋಡಿ ಮತ್ತೆ ಮೆಲ್ಲಗೆ ಶುರು ಮಾಡಿದೆ. ಮಂಚದಿಂದ ಒಣಗಿದ ದನಿ ಬಂತು.

"ಓವರ್ ಆ್ಯಕ್ಟಿಂಗ್."

ಮುಂದಿನ ತರಬೇತಿಗೆ ಕರೆ ಬಂದದ್ದು ಪಾತ್ರಧಾರಿ ಎರಡಕ್ಕೆ ಮಾತ್ರ. ರಿಜಿಸ್ಟರಿನಲ್ಲಿ ಅವನ ಫಲಿತಾಂಶ ನನ್ನದಕ್ಕಿಂತ ಚೆನ್ನಾಗಿತ್ತಂತೆ. ನಾನು ಊಟದ ಆಸೆಗೆ ಹಿಂದೆಯೇ ಹೋದೆ. ಮೇಡಂ ಅವನನ್ನು ಮಲಗಿಸಿ, "ಗಲ್ಲ ತಾಗಿಸು, ನೋಡೋಣ," ಎಂದರು. ಗಲ್ಲ ಸೀದಾ ಎದೆಗೆ ಹೋಗಿ ಕೂತಿತು. ಸೆಟೆಸಲು ನೋಡಿದ. ಆಗಲಿಲ್ಲ, ಮತ್ತೆ ಬಾಗಿತು. ಮೇಡಂ ಎರಡು ಸಲ ಸಾಲದೆಂದು ಮೂರನೆಯ ಸಲವೂ ಬಾಗಿಸಿ ನೋಡಿ, "ಇವನು ಈ ಕೆಲಸಕ್ಕೆ ಲಾಯಕ್ಕಿಲ್ಲ," ಎಂದರು.

ಪಾತ್ರ ಮತ್ತೆ ನನ್ನದಾಯಿತು. ಕತ್ತು ಸೆಟೆಸಿಕೊಂಡು ಮಲಗಿದ್ದಾಗ ಹಿಂದಿನ ಸಾಲಿನಲ್ಲಿ ಅವನು ಎರಡನೇ ಭಟೂರೆ ಪ್ಯಾಕೆಟ್ಟಿನ ದಾರ ಬಿಚ್ಚುವ ಸದ್ದು ಕೇಳಿಸಿತು. ಅದು ನನ್ನದು. ತಿರುಗಿ ನೋಡುವ ಹಾಗಿರಲಿಲ್ಲ, ನಾನು ಪಾತ್ರದಲ್ಲಿದ್ದೆ.