ತಾನೇ ಸ್ಟಾರ್ಟ್ ಆಗುವ ಇಂಜಿನ್

ವೆಲಿಂಗ್ಟನ್ ನಗರದ ಒಂದು ಏರು ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಟ್ಯಾಕ್ಸಿಯ ಇಂಜಿನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೆಲಸಕ್ಕೆ ಸೇರಿದ ಮೊದಲ ದಿನ. ಹಿಂದಿನ ಸೀಟಿನಲ್ಲಿ ಡಯಾಲಿಸಿಸ್‌ಗೆ ಹೊರಟ ಒಬ್ಬ ವೃದ್ಧೆ. ಗಾಬರಿಯಲ್ಲಿ ಪವರ್ ಬಟನ್ ಒತ್ತಿದೆ. ಡ್ಯಾಶ್‌ಬೋರ್ಡಿನ ದೀಪಗಳೂ ಆರಿದವು. ಹಿಂದೆ ಹಾರ್ನ್ ಶುರುವಾಯಿತು. ಆಕೆ ಮುಂದಕ್ಕೆ ಬಾಗಿ, ನನಗೆ ತಿಳಿಯಲೆಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: ಕಾರು ಕೆಟ್ಟಿಲ್ಲ, ನಿಂತಾಗ ಇಂಜಿನ್ ತಾನೇ ಆಫ್ ಆಗುತ್ತದೆ, ನನ್ನ ಮಗನ ಕಾರೂ ಹೀಗೇ.

ನಾನು ಗುಬ್ಬಿಯಿಂದ ಹಾಗಲವಾಡಿ ಕಡೆಗೆ ಹದಿನಾಲ್ಕು ವರ್ಷ ಖಾಸಗಿ ಬಸ್ ಓಡಿಸಿದವನು. ಸದ್ದು ಕೇಳಿಯೇ ಗೇರ್ ಬದಲಿಸುತ್ತಿದ್ದೆ. ಏರಿನಲ್ಲಿ ಸದ್ದು ನಿಂತರೆ ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡಲು ಓಡಬೇಕಿತ್ತು. ಎರಡು ಸಾವಿರದ ದಶಕದ ನಡುವಿನಲ್ಲಿ, ತುಮಕೂರಿನಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ ಸುಜಾತಳಿಗೆ ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿತು. ಅವಳ ಹಿಂದೆ ನಾನೂ ಬಂದೆ. ಒಂದು ವರ್ಷ ಮನೆಯಲ್ಲೇ ಕುಳಿತು, ಯಾರೊಡನೆಯೂ ಮಾತಿಲ್ಲದೆ ಸಾಕಾದ ಮೇಲೆ ಸಿಕ್ಕ ಕೆಲಸ ಇದು.

ಟ್ಯಾಕ್ಸಿಯ ಮಾಲೀಕರು ಫಿಜಿಯಿಂದ ಬಂದ ಹಿಂದಿ ಮಾತಿನ ಹರೀಶ್ ಭಾಯ್. ಇದು ಹೈಬ್ರಿಡ್, ಎಂದರೆ ಬ್ಯಾಟರಿ, ಪೆಟ್ರೋಲು ಎರಡರಿಂದಲೂ ಓಡುವ ಕಾರು ಎಂದು ಅಂದು ಸಂಜೆ ಅವರೇ ತಿಳಿಸಿದರು. ಏರು ಹತ್ತುವಾಗ, ಜೋರಾಗಿ ಎಕ್ಸಿಲರೇಟರ್ ಒತ್ತಿದಾಗ, ಬ್ಯಾಟರಿ ಇಳಿದಾಗ ಇಂಜಿನ್ ತಾನೇ ಸ್ಟಾರ್ಟ್ ಆಗುತ್ತದೆ. ಇಳಿಜಾರಿನಲ್ಲಿ, ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ತಲೆಯಾಡಿಸಿದೆ. ಆದರೆ ಪ್ರತಿ ಸಿಗ್ನಲ್ಲಿನಲ್ಲೂ ಕೈ ಪವರ್ ಬಟನ್ ಕಡೆಗೇ ಹೋಗುತ್ತಿತ್ತು.

ನಮ್ಮ ಬಾಡಿಗೆ ಮನೆಗೆ ಗ್ಯಾರೇಜಿತ್ತು. ಇಲ್ಲಿ ಗ್ಯಾರೇಜೆಂದರೆ ರಿಪೇರಿ ಅಂಗಡಿಯಲ್ಲ. ಮನೆಯ ಕೆಳಗೇ ಕಾರು ನಿಲ್ಲಿಸುವ ಕೋಣೆ. ಚಳಿಗಾಲದ ಒಂದು ಬೆಳಿಗ್ಗೆ ಊಟಕ್ಕೆಂದು ಬಂದು, ಕಾರು ಒಳಗೆ ನಿಲ್ಲಿಸಿ, ಬಾಗಿಲು ಎಳೆದು ಮೇಲೆ ಹೋದೆ. ಹಿಂದಿನ ರಾತ್ರಿ ಡ್ಯೂಟಿ ಮಾಡಿ ಬಂದ ಸುಜಾತ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಲಗಿದ್ದಳು. ನಾನು ಮುದ್ದೆಗೆ ಎಸರಿಟ್ಟೆ. ರಾಗಿಹಿಟ್ಟು ಹಾಕಿ, ತಿರುವಿ, ಉಂಡೆ ಕಟ್ಟುವಾಗ ಕಾಲಡಿಯಲ್ಲಿ ಗುಂಯ್ ಎನ್ನುವ ಸದ್ದು ಕೇಳಿತು.

ಕಳ್ಳರಿರಬೇಕೆಂದು ಇಳಿದು ಓಡಿದೆ. ಕಾರಿನಲ್ಲಿ ಯಾರೂ ಇರಲಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಮಾತ್ರ ಓಡುತ್ತಿತ್ತು. ಸದ್ದಿಲ್ಲವೆಂದು ನಾನು ಆಫ್ ಮಾಡದೆಯೇ ಇಳಿದಿದ್ದೆ. ಬ್ಯಾಟರಿ ಇಳಿದಂತೆಲ್ಲ ಅದು ತಾನೇ ಸ್ಟಾರ್ಟ್ ಆಗುತ್ತಿತ್ತು. ಎಷ್ಟು ಸಲ ಆಗಿತ್ತೋ! ಆಫ್ ಮಾಡಿ, ಬಾಗಿಲೆತ್ತಿ, ಮೇಲೋಡಿ ಕಿಟಕಿಗಳನ್ನೆಲ್ಲ ತೆರೆದು ಸುಜಾತಳನ್ನು ಅಲುಗಾಡಿಸಿದೆ. ತಕ್ಷಣ ಏಳಲಿಲ್ಲ. ಹೆಸರು ಹಿಡಿದು ಕೂಗಿದಾಗ ಕಣ್ಣು ಬಿಟ್ಟಳು.

"ಯಾಕ್ರೀ ಹಿಂಗಾಡ್ತಿದೀರಾ? ತಲೆ ಸಿಡೀತಿದೆ," ಎಂದಳು.

ವಿಷಯ ತಿಳಿಸಿ ಹೊರಗೆ ಕರೆತಂದೆ. ಮೆಟ್ಟಿಲ ಮೇಲೆ ಕುಳಿತಳು. "ಇಂಜಿನ್ ಹೊಗೇಲಿರೋ ವಿಷಗಾಳಿಗೆ ವಾಸನೇನೇ ಇರಲ್ಲ ಕಣ್ರೀ. ನಿದ್ದೇಲೇ ಹೋಗ್ಬಿಡ್ತಿದ್ದೆ."

"ಆಫ್ ಆಗಿದೆ ಅನ್ಕೊಂಡೆ ಕಣೇ. ಸದ್ದೇ ಇರ್ಲಿಲ್ಲ."

"ಸದ್ದಿಲ್ಲ ಅಂದ್ರೆ ಆಫ್ ಅಂತಾನಾ?"

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಅಪಾಯವಿಲ್ಲವೆಂದು ಸಂಜೆ ಕಳಿಸಿದರು. ಇನ್ನು ಆ ಕಾರು ಮುಟ್ಟುವುದಿಲ್ಲ ಎಂದೆ. ಮರುದಿನ ಅವಳೇ ನನ್ನನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದಳು. "ವಾರ್ಡಲ್ಲಿ ನಾವು ಚೀಟಿ ಓದ್ದೆ ಇಂಜೆಕ್ಷನ್ ಕೊಡಲ್ಲ. ನೀವೂ ದೀಪ ಆರಿರೋದ್ನ ನೋಡಿ ಇಳೀರಿ, ಕಿವಿ ನಂಬ್ಬೇಡಿ," ಎಂದು ಹತ್ತು ಸಲ ಆನ್, ಆಫ್ ಮಾಡಿಸಿದಳು. ಹದಿನಾಲ್ಕು ವರ್ಷ ನಂಬಿದ್ದ ಕಿವಿಯನ್ನು ಬಿಡಲು ತಿಂಗಳುಗಳೇ ಹಿಡಿದವು.

ಮೂರು ವರ್ಷದ ಮೇಲೆ ಊರಿಗೆ ಬಂದಾಗ ತಮ್ಮ ಮಂಜುವಿನ ವ್ಯಾನ್ ಓಡಿಸಿದೆ. ಗುಬ್ಬಿಯ ರೈಲ್ವೆ ಗೇಟು ಬಿದ್ದಿತ್ತು. ಸಾಲಾಗಿ ನಿಂತವರೆಲ್ಲ ಇಂಜಿನ್ ಆಫ್ ಮಾಡಿದರು. ನಾನು ಸುಮ್ಮನೆ ಕುಳಿತಿದ್ದೆ.

"ಆಫ್ ಮಾಡಣ್ಣೋ! ಏನ್ ಕಾಯ್ತಿದೀಯಾ?"

"ತಾನೇ ನಿಲ್ತದೆ ಅನ್ಕೊಂಡಿದ್ದೆ ಕಣೋ."

ಮಂಜು ನಕ್ಕ. ನನಗೆ ನಗು ಬರಲಿಲ್ಲ. ಗೇಟು ಎದ್ದಾಗ ಅವಸರದಲ್ಲಿ ಕ್ಲಚ್ ಬೇಗ ಬಿಟ್ಟು ಎರಡು ಸಲ ವ್ಯಾನ್ ನಿಲ್ಲಿಸಿಬಿಟ್ಟೆ. "ಬುಡು, ನಾನೇ ಓಡಿಸ್ತೀನಿ," ಎಂದ. ಸೀಟು ಬಿಟ್ಟುಕೊಟ್ಟು ಎಡಗಡೆ ಕುಳಿತೆ. ವೆಲಿಂಗ್ಟನ್ನಿನ ಏರುಗಳನ್ನು ನೆನೆದರೆ ಈಗ ಭಯವಾಗುತ್ತಿರಲಿಲ್ಲ. ಭಯವಾದದ್ದು, ಕಣ್ಣು ಮುಚ್ಚಿ ಬಸ್ ಓಡಿಸುತ್ತಿದ್ದ ಈ ರಸ್ತೆಯಲ್ಲಿ.